ಗೋಡೆ ದಾಟಿದ ನಿಂಬೆ ಚಿಟ್ಟೆ

1938ರ ವಸಂತದಲ್ಲಿ ನಾನು ಶ್ರೀನಿವಾಸಪುರದಲ್ಲಿ ವ್ಯವಸಾಯ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದೆ. ಬೆಳೆಗೆ ಹುಳ ಬಿದ್ದರೆ ಹೋಗಿ ನೋಡಿ ಮದ್ದು ಹೇಳುವುದು ನನ್ನ ಕೆಲಸ. ನೆರೆಯವರ ಜಗಳ ಬಿಡಿಸುವುದೂ ಅದರಲ್ಲಿ ಸೇರಿದೆಯೆಂದು ತಿಳಿದದ್ದು ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ.

ಎತ್ತುಗಳಿಗೆ ಲಾಳ ಕಟ್ಟುವ ರಹೀಂ ಸಾಹೇಬರು ಹಿತ್ತಲಲ್ಲಿ ನಿಂಬೆ ಸಸಿ ಬೆಳೆಸಿದ್ದರು. ಎಳೆ ಎಲೆಗಳೆಲ್ಲ ಹುಳಗಳ ಪಾಲಾಗಿ ಸಸಿಗಳು ಬರೀ ಕಡ್ಡಿಯಾಗುತ್ತಿದ್ದವು. ಗೋಡೆಯಾಚೆ ಮುನಿಯಮ್ಮನವರ ದೊಡ್ಡ ಕರಿಬೇವಿನ ಮರ. ಅದರಲ್ಲೂ ಅದೇ ಹುಳ.

“ಅಲ್ಲಿಂದಾನೇ ಬರ್ತಾವೆ ಸಾರ್. ಆ ಮರ ಕಡಿಯೋಕೆ ಆರ್ಡರ್ ಮಾಡಿ,” ಎಂದರು ಸಾಹೇಬರು.

“ನಮ್ಮತ್ತೆ ನೆಟ್ಟಿದ್ದು ಸ್ವಾಮಿ! ಕೊಡ್ಲಿ ತಂದ್ರೆ ನಾನೇ ಅಡ್ಡ ನಿಂತ್ಕೊತೀನಿ!” ಮುನಿಯಮ್ಮ ಆಚೆಯಿಂದಲೇ ಕೂಗಿದರು. ಎಷ್ಟೋ ವರ್ಷಗಳಿಂದ ಹಬ್ಬದ ಅಡುಗೆ ಹಂಚಿಕೊಳ್ಳುತ್ತಿದ್ದ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು.

ಅದು ನಿಂಬೆ ಚಿಟ್ಟೆಯ ಮರಿ ಎಂದು ವಿವರಿಸಿದೆ. ತಾಯಿಚಿಟ್ಟೆ ಮುಂಗಾಲಿನಿಂದ ಎಲೆಯನ್ನು ತಟ್ಟಿ, ರುಚಿ ನೋಡಿ, ಚಿಗುರಿನ ಮೇಲೆ ಮೊಟ್ಟೆ ಇಡುತ್ತದೆ. ಮರಿ ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಘಾಟು ಬೀರುತ್ತದೆ.

“ಈ ಹಿಕ್ಕೆ ಚಿಟ್ಟೆ ಆಗ್ತದಾ? ತಮಾಷೆ ಮಾಡಬೇಡಿ ಸಾರ್,” ಎಂದು ಸಾಹೇಬರು ನಕ್ಕರು.

ನಾನು ಬಲಿತ ಒಂದು ಹುಳವನ್ನು ರೆಂಬೆಯ ಸಮೇತ ಲಾಟೀನಿನ ಗಾಜಿನೊಳಗೆ ಇಳಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ನಡುಗೋಡೆಯ ಮೇಲೆ ಇಟ್ಟೆ. ಹುಳ ಮೇವು ಬಿಟ್ಟು, ನೂಲಿನ ಪಟ್ಟಿ ಕಟ್ಟಿಕೊಂಡು ಕೋಶವಾಯಿತು. ಅದನ್ನು ನೋಡುವ ನೆಪದಲ್ಲಿ ಇಬ್ಬರೂ ದಿನವೂ ಗೋಡೆಯ ಬಳಿ ಬರತೊಡಗಿದರು. ಮೊದಲು ನನ್ನೊಡನೆ ಮಾತ್ರ ಮಾತು, ಆಮೇಲೆ ತಮ್ಮತಮ್ಮಲ್ಲೇ.

ಒಂದು ಬೆಳಿಗ್ಗೆ ಸಾಹೇಬರು ಓಡುತ್ತಾ ಬಂದು ನನ್ನನ್ನು ಕರೆದೊಯ್ದರು. ಕೋಶ ಬಿರಿದಿತ್ತು. ಮುದುಡಿದ ಒದ್ದೆ ರೆಕ್ಕೆಗಳು ನಿಧಾನವಾಗಿ ಬಿಚ್ಚಿಕೊಂಡವು: ಕಪ್ಪಿನ ಮೇಲೆ ಹಳದಿ ಮಚ್ಚೆ, ತುದಿಯಲ್ಲೊಂದು ಕೆಂಪು ಬೊಟ್ಟು.

“ಅರೆ ಅಲ್ಲಾ! ನೋಡಕ್ಕಾ, ನೋಡು!”

“ನೋಡ್ತಾ ಇದೀನಿ ಸಾಬರೇ. ಸುಮ್ನಿರಿ, ಹೆದ್ರಿಕೊಂಡಾತು!”

ಬಟ್ಟೆ ಬಿಚ್ಚಿದೆ. ಚಿಟ್ಟೆ ಸ್ವಲ್ಪ ಹೊತ್ತು ಗಾಜಿನ ಅಂಚಿನಲ್ಲಿ ಕುಳಿತು, ಹಾರಿಹೋಯಿತು. ಇಬ್ಬರೂ ಮಕ್ಕಳಂತೆ ಚಪ್ಪಾಳೆ ತಟ್ಟಿದರು.

ಆಗ ನಾನು ಹೇಳಿದೆ: “ಮರ ಕಡಿದ್ರೆ ಇವಕ್ಕೆ ಉಳಿಯೋದು ನಿಮ್ಮ ಸಸಿ ಮಾತ್ರ, ಸಾಹೇಬರೇ. ಮರಿಗಳನ್ನ ಮರಕ್ಕೆ ಬಿಡಿ. ಅಷ್ಟು ದೊಡ್ಡ ಮರ ತಡ್ಕೊಳ್ಳುತ್ತೆ.”

ಮುನಿಯಮ್ಮ ಸೆರಗು ಒಡ್ಡಿದರು. “ಕೊಡಿ ಇತ್ಲಾಗೆ. ನಿಮ್ಮ ಮಕ್ಳಿಗೆ ನಮ್ಮನೇಲೇ ಊಟ!”

ಅಂದಿನಿಂದ ಸಾಹೇಬರು ದಿನಾ ಸಸಿಗಳನ್ನು ತಡಕಿ, ಹುಳವಿದ್ದ ಎಲೆಯನ್ನು ಗೋಡೆಯಾಚೆ ದಾಟಿಸುತ್ತಿದ್ದರು. ಚಿಟ್ಟೆಗಳು ಮತ್ತೆ ಬಂದು ಮೊಟ್ಟೆ ಇಟ್ಟವು, ಇವರು ಮತ್ತೆ ಸಾಗಿಸಿದರು. ಮಳೆ ಬೀಳುವ ಹೊತ್ತಿಗೆ ಸಸಿಗಳು ಸೊಂಟದೆತ್ತರ ಬೆಳೆದಿದ್ದವು. ಮರವೂ ಚಿಗುರಿತ್ತು.

ಹುಳಕ್ಕೆ ಮದ್ದು ಹೇಳುವ ಮೊದಲು ಅದನ್ನು ಒಮ್ಮೆ ಪೂರ್ತಿ ಬೆಳೆಯಲು ಬಿಟ್ಟು ನೋಡಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನೋಡುವಾಗ ದೂರು ಕೊಟ್ಟವರನ್ನೂ ದೂರಿಗೆ ಗುರಿಯಾದವರನ್ನೂ ಜೊತೆಯಲ್ಲೇ ನಿಲ್ಲಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.