ಅಕ್ಕೋರ ಕಾಲಿಗೆ ಅರಿಷಿಣ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಇಂದು ತೊಟ್ಟಿಲಿಗೆ ಹಾಕಿದೆವು. ಹೆಸರು ಕೂಗುವಾಗ ನನ್ನ ದನಿಯೇ ಎಲ್ಲರಿಗಿಂತ ಜೋರು. ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವಳು ನಾನು, ಬರೆಯಲು ಕುಳಿತರೆ ಬೆರಳು ನೋಯುತ್ತವೆ. ಆದರೂ ಬರೆಯಬೇಕು. ಮುತ್ತೈದೆಯರ ಕಾಲಿಗೆ ಅರಿಷಿಣ ಹಚ್ಚುವಾಗ ಕಮಲಾ ಅಕ್ಕೋರು ನೆನಪಾಗಿ, ನನ್ನ ಕೈ ಅಲ್ಲೇ ನಿಂತಿತು.

ಸಪ್ತಾಪುರದಲ್ಲಿ ಅವರದು ನಮ್ಮ ಮಗ್ಗುಲ ಮನೆ. ಮೂವತ್ತು ವರ್ಷ ಹುಡುಗಿಯರಿಗೆ ಗಣಿತ ಕಲಿಸಿದರು, ಅದೂ ನಿಂತೇ. "ಕುಂತು ಕಲಿಸಿದ್ದು ಕುಂತಲ್ಲೇ ಕುಂದರತದ" ಅನ್ನುತ್ತಿದ್ದರು. ಹೂ ಮಾರುವವಳಿಗೂ ಮೊಳದ ಅಳತೆ ಹೇಳಿಕೊಡುವ ಗಟ್ಟಿ ಹೆಣ್ಣುಮಗಳು. ಆದರೆ ಸೀರೆಯ ಕೆಳಗೆ ಸದಾ ದಪ್ಪ ಕಾಲುಚೀಲ, ಸುಡುವ ಬೇಸಗೆಯಲ್ಲೂ. ಯಾರ ಮನೆಯ ಕಾರ್ಯವಿರಲಿ, ಬಂದು ಉಡಿ ತುಂಬಿಸಿಕೊಳ್ಳುವರು. ಅರಿಷಿಣದ ಬಟ್ಟಲು ಹತ್ತಿರ ಬಂತೋ, ಕಾಲು ಸೀರೆಯೊಳಗೆ.

ಒಮ್ಮೆ ಹತ್ತು ಮಂದಿಯ ಎದುರು ಅಂದೇಬಿಟ್ಟೆ: "ಕಲಿತವರ ಕಾಲು ನಮ್ಮಂಥವರ ಕೈಗೆ ಎಲ್ಲಿ ಸಿಗಬೇಕವಾ!" ಅಕ್ಕೋರು ಸುಮ್ಮನೆ ನಕ್ಕರು.

ನನ್ನ ಮಗಳ ಮದುವೆಯಲ್ಲಿ ಅವರೇ ಬಂದು ಮಣೆಯ ಮೇಲೆ ಕುಳಿತರು. ಕಾಲುಚೀಲ ಕಳಚಿದರು. ಎರಡೂ ಕಾಲು ನನ್ನ ಮುಂದೆ ಚಾಚಿದರು. ನಾನು ಬಟ್ಟಲು ಹಿಡಿದು ಮುಂದೆ ಕುಳಿತೆ.

"ಹಚ್ಚ ಗಂಗವ್ವಾ. ಈ ಕಾಲ ತುಂಬ ಕೆಂಪು, ನೀಲಿ ನರದ ಎಳಿ ಇದ್ದುವು, ಜ್ಯಾಡನ ಬಲಿ ಹಂಗ. ಸಾಲ್ಯಾಗ ಒಬ್ಬ ಹುಡುಗಿ ನೋಡಿ ಅಸಹ್ಯ ಅಂತ ಮಾರಿ ತಿರುವಿದ್ಲು. ಅವತ್ತಿನಿಂದ ಚೀಲ. ಈಗ ಹುಬ್ಬಳ್ಳ್ಯಾಗ ಲೇಸರ್ ಮಾಡಿಸ್ಕೊಂಡೆ."

"ಅಂದ್ರ ಕೊಯ್ದ್ರೇನ್ರಿ?"

"ಇಲ್ಲವಾ, ಬರೇ ಬೆಳಕು."

"ಬೆಳಕಿಗೆ ನರ ಹೋಗ್ತಾವ?" ಬಟ್ಟಲು ಕೈಜಾರಿ ಮಣೆಯೆಲ್ಲ ಹಳದಿ.

"ರಬ್ಬರ್ ಚಟ್ ಅಂತ ಹೊಡದಂಗ ಆಗ್ತದ. ನಾಕು ಸಲ ಹೋದೆ. ಮೊದಲ ಕಪ್ಪಾಗಿ, ಆಮ್ಯಾಲ ಸಾವಕಾಶ ಮಾಸಿದ್ವು."

"ಅಲ್ರೀ ಅಕ್ಕೋರ, ಈ ವಯಸ್ಸಿನ್ಯಾಗ ನಿಮ್ಮ ಕಾಲು ಯಾರು ನೋಡ್ತಾರ್ರಿ?"

"ನಾ ನೋಡ್ತೇನಲ್ಲ, ದಿನಾ!"

ನಾನು ಬಗ್ಗಿ ಕಾಲು ನೋಡಿದೆ. ಎಡಗಾಲಿನ ಹಿಮ್ಮಡಿಯ ಮೇಲೆ, ಹರಡಿನ ಹತ್ತಿರ ಒಂದೇ ಒಂದು ನೀಲಿ ಎಳೆ ಉಳಿದಿತ್ತು. "ಅದೊಂದು ಹಟಮಾರಿ, ಇರ್ಲಿ ಬಿಡು" ಎಂದರು. "ಸೊಕ್ಕು ಅಂದುಕೊಂಡಿದ್ದೆ, ತಪ್ಪಾತ್ರಿ" ಎಂದೆ. "ಲೆಕ್ಕ ತಪ್ಪಿದ್ರ ಅಳಿಸಿ ಬರೀಬೇಕು. ಹಚ್ಚು, ಹೊತ್ತಾತು."

ಹೋದ ಶ್ರಾವಣದಲ್ಲಿ ಎದೆನೋವು ಬಂದು ಅಕ್ಕೋರು ಒಂದೇ ತಾಸಿನಲ್ಲಿ ಹೋಗಿಬಿಟ್ಟರು. ಮುಂಜಾನೆ ನನ್ನ ಜೊತೆ ಚಹಾ ಕುಡಿದವರು! ಮುತ್ತೈದೆ ಸಾವು, ಅರಿಷಿಣ ಹಚ್ಚಿ ಕಳಿಸಬೇಕು. ಅವರ ಯಜಮಾನರು ಬಟ್ಟಲು ತಂದು ನನ್ನ ಕೈಗೇ ಕೊಟ್ಟರು: "ನೀನ ಹಚ್ಚ ಗಂಗವ್ವಾ. ಆಕಿ ಕಾಲು ಕೊಟ್ಟಿದ್ದು ನಿನ್ನ ಕೈಯಾಗ." ಆ ನೀಲಿ ಎಳೆ ಅಲ್ಲೇ ಇತ್ತು.

ಇಂದು ಸಂಜೆ ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತೆವು. ಗೋಧಿ ಹುಗ್ಗಿ, ಮೇಲೆ ತುಪ್ಪ. ಕೂಸು ಮಗಳ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು. "ಅವ್ವಾ, ಕೈ ತೊಳಕೊಂಡಿಲ್ಲೇನು? ಹಳದಿ ಅದ" ಎಂದಳು ಮಗಳು. ತೊಳೆದಿದ್ದೆ. ಹೋಗಿರಲಿಲ್ಲ. ಅದೇ ಕೈಯಿಂದ ಇನ್ನೊಂದು ತುತ್ತು ಉಂಡೆ.