ಶೇಂಗಾ ಜೇಬಿನ ಜರ್ಸಿ

ಮೊನ್ನೆ ಹಳೇ ಟ್ರಂಕು ತೆಗೆದೆ. ಸುಟ್ಟ ರಬ್ಬರಿನಂಥ ಕಮಟು ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಹಸಿರು ಜರ್ಸಿ. ಅದರ ಎದೆ ಮೇಲೆ ಅಚ್ಚು ಹಾಕಿದ್ದ ಬೀಜದ ಕಂಪನಿಯ ಹೆಸರು ಕರಗಿ, ಅಂಟಂಟಾಗಿ, ನನ್ನ ಮದುವೆಯ ಬಿಳಿ ಅಂಗಿಗೆ ಮೆತ್ತಿಕೊಂಡಿತ್ತು. ಥೂ ಇದರ! ಆರುನೂರೈವತ್ತು ರೂಪಾಯಿ ಕಿತ್ತುಕೊಂಡು ಕೊಟ್ಟ ಬಟ್ಟೆ ಇದು. ಬಿಸಾಕೋಣ ಅಂತ ಎತ್ತಿದೆ. ಆ ಹೆಸರಿನ ಸುತ್ತ ಸೂಜಿಯ ಸಣ್ಣ ತೂತುಗಳ ಸಾಲು ಕಂಡಿತು. ಹಂಗೇ ಕೂತುಬಿಟ್ಟೆ… ಟೇಲರ್ ಮಾವನ ಜರ್ಸಿ.

ಮಾವ ಅಂದರೆ ಸಂಬಂಧಿಕನೇನಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮನೆ ಎದುರಿಗೇ ಅವನ ಹೊಲಿಗೆ ಮಿಷನ್ನು. ಅವನು ನನ್ನನ್ನು ಅಳಿಯಾ ಅನ್ನುತ್ತಿದ್ದ, ಅದಕ್ಕೇ ಅವನು ಮಾವ. ಊರಿನ ಫುಟ್‌ಬಾಲ್ ತಂಡಕ್ಕೆ ಅಂಗಿ ಹೊಲಿಯುತ್ತಿದ್ದವನು ಅವನೇ. ಉಳಿದ ಬಟ್ಟೆಯಲ್ಲಿ ಆಟ ನೋಡಲು ಹೋಗುವ ನಮಗೂ ಒಂದೊಂದು, ಬರೀ ದಾರದ ಖರ್ಚಿಗೆ. ಆಟಗಾರರ ಅಂಗಿಗೆ ಜೇಬಿಲ್ಲ. ನಮ್ಮದಕ್ಕೆ ಮಾತ್ರ ಎಡಗಡೆ ದೊಡ್ಡ ಜೇಬು.

"ಆಡಾವ್ನಿಗೆ ಜೇಬು ಯಾಕೋ ಅಳಿಯಾ? ನೋಡಾವ್ನಿಗೆ ಬೇಕು. ಇಲ್ಲಾಂದ್ರ ಶೇಂಗಾ ಎಲ್ಲಿ ಇಟ್ಕಂತಿ?"

ಹಡಗಲಿಯವರ ಜೊತೆ ಮ್ಯಾಚಿದ್ದ ದಿನ ಬೇವಿನ ಮರದ ಕೆಳಗೆ ಸಾಲಾಗಿ ಕೂತ ಹಸಿರು ಅಂಗಿಗಳ ಜೇಬೆಲ್ಲ ಉಬ್ಬಿರುತ್ತಿದ್ದವು. ಗೋಲು ಬಿದ್ದರೆ ಮಾವ ಶೇಂಗಾ ಆಕಾಶಕ್ಕೆ ತೂರುತ್ತಿದ್ದ. ಆಮೇಲೆ ನೆಲದ ಮೇಲಿಂದ ಆರಿಸಿ ತಿನ್ನುತ್ತಿದ್ದವನೂ ಅವನೇ.

ಆಮೇಲೆ ತಂಡಕ್ಕೆ ಅಧ್ಯಕ್ಷ ಅಂತ ಒಬ್ಬ ಗೊಬ್ಬರದಂಗಡಿ ಸಾಹುಕಾರ ವಕ್ಕರಿಸಿದ. ಬೀಜದ ಕಂಪನಿಯಿಂದ ಆಟಗಾರರಿಗೆ ಪುಕ್ಕಟೆ ಜರ್ಸಿ ಕೊಡಿಸಿದ. ಅದೇ ತರದ್ದು ಅಭಿಮಾನಿಗಳಿಗೆ ಆರುನೂರೈವತ್ತು! ಅದು ಹಾಕಿಕೊಂಡವರಿಗಷ್ಟೇ ಶಾಮಿಯಾನದ ಕೆಳಗೆ ಜಾಗ. ಉಳಿದವರು ಎದುರಾಳಿಗಳ ಕಡೆ, ಬಿಸಿಲಿಗೆ. ಕೂಲಿ ಮಾಡೋರು ಎಲ್ಲಿಂದ ತರಬೇಕು ಅಂತ ಯಾರೋ ಕೇಳಿದ್ದಕ್ಕೆ, "ಊರಿನ ಮ್ಯಾಲೆ ಪ್ರೀತಿ ಇದ್ದಾವ್ರು ತಗಂತಾರ್ರಿ" ಅಂದ. ಎಂಥಾ ನಾಲಿಗೆ! ಈಗ ನೆನೆದರೂ ಮೈ ಉರಿಯುತ್ತದೆ.

ನಾನೇನು ಕಡಿಮೆಯೇ? ಅಧ್ಯಕ್ಷ ನನ್ನ ಕೊರಳಿಗೊಂದು ಬ್ಯಾಡ್ಜು ನೇತುಹಾಕಿ ಮೈದಾನದ ಗೇಟಿನಲ್ಲಿ ನಿಲ್ಲಿಸಿದ್ದೇ ತಡ, ನನಗೂ ಕೊಂಬು ಬಂದಿದ್ದವು.

ಹರಪನಹಳ್ಳಿ ತಂಡದ ಜೊತೆ ಫೈನಲ್. ಮಾವ ಬಂದ, ಹೊಸ ಜರ್ಸಿಯಲ್ಲಿ! ದೀಪಾವಳಿಗೂ ತನಗೊಂದು ಅಂಗಿ ಹೊಲಿದುಕೊಳ್ಳದ ಮನುಷ್ಯ ಅದನ್ನು ಕೊಂಡಿದ್ದ. ಕೊಂಡು, ಹಳೇ ಹಸಿರು ಬಟ್ಟೆಯ ತುಂಡಿನಿಂದ ಎಡಗಡೆ ಜೇಬು ಹೊಲಿದಿದ್ದ. ಸರಿಯಾಗಿ ಕಂಪನಿಯ ಹೆಸರಿನ ಮೇಲೇ. ಜೇಬು ತುಂಬ ಶೇಂಗಾ.

"ನೋಡೋ ಅಳಿಯಾ, ಕಂಪನ್ಯಾರು ಜೇಬು ಇಡಾದು ಮರ್ತಾರ" ಅಂತ ಹಲ್ಲು ಬಿಟ್ಟು ನಕ್ಕ.

ಅಧ್ಯಕ್ಷ ಅಲ್ಲೇ ಇದ್ದ. "ಕಂಪನಿ ಹೆಸರ ಮುಚ್ಚೈತಲ್ರಿ! ಬಿಚ್ಚಸ್ರಿ ಅದನ್ನ. ಇಲ್ಲಾಂದ್ರ ಆ ಕಡಿ ಕಳಸ್ರಿ" ಅಂದ, ನನ್ನ ಕಡೆ ತಿರುಗಿ.

ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಬ್ಯಾಂಡೇಜಿನ ಡಬ್ಬಿಯಿಂದ ಬ್ಲೇಡು ತೆಗೆದು ಮಾವನ ಕೈಗೆ ಕೊಟ್ಟೆ.

"ಬಿಚ್ಚಿಬಿಡು ಮಾವ, ಒಂದು ನಿಮಿಷದ ಕೆಲಸ."

ಅವನು ನನ್ನ ಮುಖ ನೋಡಿದ. ಶೇಂಗಾ ಟವೆಲ್ಲಿಗೆ ಸುರುವಿಕೊಂಡ. ಅಷ್ಟು ಜನರೆದುರು ಜರ್ಸಿ ಕಳಚಿ, ಬರೀ ಬನಿಯನ್ನಿನಲ್ಲಿ ಗೇಟಿನ ಕಲ್ಲಿನ ಮೇಲೆ ಕೂತು, ಬಟ್ಟೆ ಹರಿಯದ ಹಾಗೆ ಒಂದೊಂದೇ ಹೊಲಿಗೆ ಬಿಚ್ಚಿದ. ಜೇಬನ್ನು ಮಡಚಿ ಮುಷ್ಟಿಯಲ್ಲಿ ಹಿಡಿದ. ಜರ್ಸಿ ನನ್ನ ಕೈಗಿಟ್ಟ.

"ಇದು ನಿಮ್ಮದು ಇಟ್ಕಳ್ರಿ. ಜೇಬು ನಂದು."

ಹಾಗೇ ಮನೆಗೆ ನಡೆದ. ಆ ಮ್ಯಾಚು ನಾವು ಗೆದ್ದೆವು. ನಾನು ಕುಣಿದೆ ಕೂಡ, ನಾಚಿಕೆಗೆಟ್ಟವನು.

ಮಾವ ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ. ನನ್ನ ಮೇಲೆ ರೇಗಲೂ ಇಲ್ಲ. ರೇಗಿ, ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಪ್ಯಾಂಟು ಹೊಲಿಸಲು ಹೋದರೆ "ಬರ್ರಿ, ಕುಂದರ್ರಿ" ಅನ್ನುತ್ತಿದ್ದ, ಪರವೂರಿನ ಗಿರಾಕಿಗೆ ಅಂದ ಹಾಗೆ. ಎರಡು ವರ್ಷಕ್ಕೆ ಕಂಪನಿ ದುಡ್ಡು ಕೊಡುವುದು ನಿಲ್ಲಿಸಿತು, ಅಧ್ಯಕ್ಷನೂ ನಾಪತ್ತೆ, ತಂಡವೂ ಚೆಲ್ಲಾಪಿಲ್ಲಿ. ಹೋದ ವರ್ಷ ಮಾವ ತೀರಿಕೊಂಡ. ಕೊನೇವರೆಗೂ ನಾನು ತಪ್ಪಾಯಿತು ಅನ್ನಲಿಲ್ಲ. ಎದುರು ಮನೆ, ಎಂಟು ಹೆಜ್ಜೆ ದೂರ…

ಜರ್ಸಿ ಬಿಸಾಕಲಿಲ್ಲ. ಸೀಮೆಎಣ್ಣೆ ಹಚ್ಚಿ ಉಜ್ಜಿದೆ, ಕಂಪನಿಯ ಹೆಸರು ಪೂರ್ತಿ ಹೋಯಿತು. ಸೂಜಿಯ ತೂತು ಹೋಗಲಿಲ್ಲ. ನಿನ್ನೆ ಹಸಿರು ಬಟ್ಟೆಯ ತುಂಡೊಂದು ಹುಡುಕಿ, ಅವೇ ತೂತುಗಳ ಗುಂಟ ಜೇಬು ಹೊಲಿಯಲು ಕೂತೆ. ಸೊಟ್ಟಂಪಟ್ಟ ಹೊಲಿಗೆ. ತಲೆ ಎತ್ತಿ ಎದುರು ಮನೆ ಕಡೆ ನೋಡಿದೆ. ಬಾಗಿಲಿಗೆ ಬೀಗ ಇತ್ತು. "ತಾರೋ ಅಳಿಯಾ ಇಲ್ಲಿ" ಅಂತ ಕೈಯಿಂದ ಕಸಿದುಕೊಳ್ಳುವವರು ಯಾರೂ ಇರಲಿಲ್ಲ.