ರೊಟ್ಟಿ ಬಡಿತಕ್ಕೆ ಅಲುಗದ ಯಂತ್ರ

ಅಂದೋಲಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಚಾರಿ ಕಣ್ಣಾಸ್ಪತ್ರೆಯ ವ್ಯಾನಿನಿಂದ ತುಳಜಾಬಾಯಿ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಇಳಿಯುತ್ತಾರೆ. ಏಳು ಸಮುದ್ರದಾಚೆಯ ಗಿಳಿಯನ್ನು ಹೊತ್ತು ತಂದಷ್ಟು ಜೋಪಾನ. ಒಳಗಿರುವುದು ಕಣ್ಣಿನ ಶಸ್ತ್ರಚಿಕಿತ್ಸೆಗೆ ಬೇಕಾದ ಸೂಕ್ಷ್ಮದರ್ಶಕ. ಪರೀಕ್ಷೆಗೆ ಇಂಥ ಎರಡು ಬಂದಿವೆ. ಒಂದನ್ನು ಇವತ್ತೇ ಆರಿಸಬೇಕು.

ನಿಂಬರ್ಗಾದ ತೊಗರಿ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ಇವರು ಆಸ್ಪತ್ರೆ ಸೇರಿದ್ದು ಕಸ ಗುಡಿಸಲು. ಈಗ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಕೋಣೆ ತೊಳೆದು, ಯಂತ್ರ ಜೋಡಿಸಿ ಕೊಡುವವರು ಇವರೇ. ದಿನಕ್ಕೆ ಹತ್ತು ಹನ್ನೆರಡು ಕಣ್ಣು.

ಹೋದ ತಿಂಗಳು ಕೊಳಕೂರಿನಲ್ಲಿ ಮಾತ್ರ ಒಂದೂ ಆಗಲಿಲ್ಲ. ಶಹರದಲ್ಲಿ ನೋಡಿ ಮೆಚ್ಚಿ ತಂದಿದ್ದ, ನೆಲದ ಮೇಲೆ ನಿಲ್ಲುವ ಯಂತ್ರದಲ್ಲಿ ಚಿತ್ರ ನಡುಗಿತು. ಡಾಕ್ಟರ್ ಮಂಜರಿ ಕೈ ಹಿಂದೆಗೆದರು. ಪಕ್ಕದ ಕೋಣೆಯಲ್ಲಿ ಶಿಬಿರದ ಊಟಕ್ಕೆ ಜೋಳದ ರೊಟ್ಟಿ ಬಡಿಯುತ್ತಿದ್ದುದಕ್ಕೇ ನೆಲ ಅದುರುತ್ತಿತ್ತೆಂಬುದು ಇಬ್ಬರಿಗೂ ಆಮೇಲೆ ಹೊಳೆಯಿತು.

ಅಂದು ಶಸ್ತ್ರಚಿಕಿತ್ಸೆಯಾಗದೆ ಮರಳಿದ ನಿಂಬೆವ್ವ ಇವತ್ತು ಇಲ್ಲಿಗೆ ಬಂದಿದ್ದಾರೆ. ಶಹರಕ್ಕೆ ಬಾ ಎಂದರೆ ಸಿಡುಕು: “ಒಂದ ಕಣ್ಣ ಹೋಗ್ಯಾದ. ಇನ್ನೊಂದು ಅಲ್ಲಿ ಕಳಕೊಂಡ ಬರ್ಲೇನು?” ಉಳಿದ ಕಣ್ಣಿನ ಪೊರೆ ಬಲಿತಿದೆ. ಇವತ್ತೂ ಆಗದಿದ್ದರೆ ಮತ್ತೆ ಬರುವುದಿಲ್ಲವಂತೆ.

ಅದಕ್ಕೇ ತುಳಜಾಬಾಯಿ ಮೊದಲು ಪಕ್ಕದ ಕೋಣೆಯಲ್ಲಿ ಹೆಂಗಸರನ್ನು ರೊಟ್ಟಿಗೆ ಕೂರಿಸುತ್ತಾರೆ. “ಜೋರ್ಲೆ ಬಡೀರಿ ಬೇ! ಅತ್ತಿ ಮ್ಯಾಲಿನ ಸಿಟ್ಟೆಲ್ಲಾ ಹೊರಗ ಬರ್ಲಿ!”

“ಅತ್ತಿ ಇಲ್ಲೇ ಮಗ್ಗಲದಾಗ ಕುಂತಾಳ,” ರೊಟ್ಟಿಗೆ ಕೂತ ಸೀಮಾ ಪಿಸುಗುಡುತ್ತಾಳೆ. ಅತ್ತೆಯೇ ಮೊದಲು ನಗುತ್ತಾರೆ.

ಮಂಜರಿ ಅಕ್ಷರದ ಚೀಟಿಯಿಟ್ಟು ಇಣುಕುತ್ತಾರೆ. ಕೊಳಕೂರಿನ ಅದೇ ನೆಲದ ಯಂತ್ರದಲ್ಲಿ ಬೆಳಕು ಚೆಂದ, ಅಕ್ಷರಕ್ಕೆ ಮಾತ್ರ ಚಳಿಜ್ವರ. ಮಂಚಕ್ಕೇ ಬಿಗಿಯುವ ಚಿಕ್ಕದರಲ್ಲಿ ಬೆಳಕು ಮಂದ. ಆದರೆ ಮಂಚವೂ ಯಂತ್ರವೂ ಒಟ್ಟಿಗೇ ಅಲುಗುವುದರಿಂದ ಅಕ್ಷರ ನಿಂತಲ್ಲೇ ನಿಲ್ಲುತ್ತದೆ.

“ದೊಡ್ಡದೇ ಛಲೋ ಕಾಣ್ತದ. ರೊಟ್ಟಿ ನಿಂದರ್ಸಿದ್ರ ಆಗಂಗಿಲ್ಲೇನು?”

“ನಮ್ಮ ರೊಟ್ಟಿ ನಿಂದರ್ಸಬಹುದ್ರಿ ಮೇಡಂ. ಮಗ್ಗಲ ಮನೀದು?” ತುಳಜಾಬಾಯಿ ಕೇಳುತ್ತಾರೆ.

ಮಂಜರಿ ನಕ್ಕು ಮತ್ತೊಮ್ಮೆ ಇಣುಕುತ್ತಾರೆ. “ಬೆಳಕಿಗೆ ಇನ್ನೊಂದು ದೀಪ ಹಚ್ಚಬಹುದು. ನಡುಕಕ್ಕ ಔಷಧಿಲ್ಲ. ಸಣ್ಣದೇ ಇರ್ಲಿ. ನಿಂಬೆವ್ವನ್ನ ಕರೀರಿ.”

ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚಿದಾಗ ನಿಂಬೆವ್ವ ಬಹಳ ಹೊತ್ತು ಕಣ್ಣು ಪಿಳುಕಿಸುತ್ತಾರೆ. ತುಳಜಾಬಾಯಿ ಎದುರಿಗೇ ನಿಂತಿದ್ದಾರೆ.

“ನೀನೇನ ಬೇ ತುಳಜಾ? ದನಿ ಕೇಳಿ ಭಾರೀ ಹೆಂಗಸ ಅಂದ್ಕೊಂಡಿದ್ನಿ. ಇಷ್ಟ ಗಿಡ್ಡಿ ಅದೀ!”

ಕೋಣೆಯೆಲ್ಲ ನಗುತ್ತದೆ. ತುಳಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ಅನ್ಲಿ ಬಿಡ್ರಿ. ಕಣ್ಣಿಲೆ ನೋಡಿ ಅನ್ನಾಕತ್ತಾಳ.”